ಸುವರ್ಣ ಒಬ್ಬರದು, ಸುವರ್ಣ ನ್ಯೂಸ್ ಇನ್ನೊಬ್ಬರದು ಏಕೆ?

ಪ್ರಶ್ನೆ: ಸ್ಟಾರ್ ಸುವರ್ಣ, ಸುವರ್ಣ ನ್ಯೂಸ್ ಎರಡೂ ಒಂದೇ ಮನೆಯವು ಅಂದುಕೊಂಡಿದ್ದೆ. ಅಲ್ಲವಂತೆ. ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎದುರಾಳಿಗಳು ಅಂದುಕೊಂಡಿದ್ದೆ. ಅವು ಈಗ ಒಂದೇ ಕಂಪನಿಯವಂತೆ! ಒಬ್ಬರು ಎಷ್ಟು ಚಾನೆಲ್ ಇಟ್ಟುಕೊಳ್ಳಬಹುದು, ಯಾರು ಇಟ್ಟುಕೊಳ್ಳಬಾರದು ಅನ್ನುವುದಕ್ಕೆ ನಮ್ಮಲ್ಲಿ ನಿಯಮವೇ ಇಲ್ಲವಾ? ಅಮೆರಿಕದಲ್ಲಿ ಇದಕ್ಕೆ ಮಿತಿ ಇದೆ ಅಂತ ಅಲ್ಲಿರುವ ನನ್ನ ಮಗ ಹೇಳುತ್ತಾನೆ. ಇದರಿಂದ ಟಿವಿ ಉದ್ಯಮಕ್ಕೆ, ನೋಡುವ ನಮಗೆ ಏನಾಗುತ್ತದೆ?
(ಮಂಡ್ಯದ ಓದುಗರೊಬ್ಬರು)

ಉತ್ತರ: ನೀವು ಕೇಳಿದ್ದು ಎರಡೂ ನಿಜ. ನಿಯಮಗಳಿಗೂ ಬರವಿಲ್ಲ. ಆದರೆ ನಮ್ಮ ನಿಯಮಗಳು ಹುಟ್ಟಿದ್ದು ಒಂದೇ ಒಂದು ಭಯದಿಂದ, ವಿದೇಶಿ ದುಡ್ಡಿನ ಭಯದಿಂದ. ಹಾಗಾಗಿ ಹೊರಗಿನವರ ವಿಷಯದಲ್ಲಿ ಅವು ಬಹಳ ಬಿಗಿ. ಒಳಗಿನವರು ಎಷ್ಟು ದೊಡ್ಡವರಾದರು, ಯಾವ ಪಕ್ಷದವರು, ಕೇಬಲ್ಲೂ ಅವರದೇನಾ ಎಂಬ ಪ್ರಶ್ನೆ ಬಂದಾಗ ಅಷ್ಟೇ ಸಡಿಲ. ನಿಮ್ಮ ಎರಡು ಆಶ್ಚರ್ಯಗಳಲ್ಲಿ ಮೊದಲನೆಯದು ಆ ಬಿಗಿಯಿಂದ ಬಂದದ್ದು, ಎರಡನೆಯದು ಈ ಸಡಿಲದಿಂದ.

ಸುವರ್ಣದಿಂದಲೇ ಶುರು ಮಾಡೋಣ. 2007ರಲ್ಲಿ ಸುವರ್ಣ ವಾಹಿನಿ ಬಂತು. ಮರುವರ್ಷ ಸುವರ್ಣ ನ್ಯೂಸ್ ಬಂತು. ಆಗ ಎರಡೂ ರಾಜೀವ್ ಚಂದ್ರಶೇಖರ್ ಅವರ ಬಳಗದ ಏಷ್ಯಾನೆಟ್‌ನವೇ. 2008ರ ಕೊನೆಗೆ ರೂಪರ್ಟ್ ಮರ್ಡೋಕ್ ಅವರ ಸ್ಟಾರ್ ಕಂಪನಿ ದಕ್ಷಿಣಕ್ಕೆ ಬರಲು ಏಷ್ಯಾನೆಟ್ ಜತೆ ಕೈಜೋಡಿಸಿತು. ಮನರಂಜನೆಯ ಚಾನೆಲ್‌ಗಳಲ್ಲಿ ಹೆಚ್ಚಿನ ಪಾಲು ತೆಗೆದುಕೊಂಡಿತು, ಮುಂದೆ ಪೂರ್ತಿಯಾಗಿ ಕೊಂಡಿತು. ಸುದ್ದಿ ಚಾನೆಲ್ ಮಾತ್ರ ಆ ವ್ಯವಹಾರದಿಂದ ಹೊರಗೇ ಉಳಿಯಿತು. ಯಾಕೆಂದರೆ ಆಗಿನ ನಿಯಮದ ಪ್ರಕಾರ ಸೀರಿಯಲ್ ತೋರಿಸುವ ಚಾನೆಲ್‌ನಲ್ಲಿ ವಿದೇಶಿಯರು 100% ಪಾಲು ಹೊಂದಬಹುದಿತ್ತು, ಸುದ್ದಿ ಓದುವ ಚಾನೆಲ್‌ನಲ್ಲಿ 26% ಮೀರುವಂತಿರಲಿಲ್ಲ. ಹೀಗೆ ಒಂದೇ ಹೆಸರಿನ ಎರಡು ಚಾನೆಲ್‌ಗಳು ಎರಡು ಮನೆ ಸೇರಿದವು.

ಈ 26% ಕಥೆ ಶುರುವಾಗಿದ್ದು 2003ರಲ್ಲಿ, ಅದೂ ಸ್ಟಾರ್‌ನಿಂದಲೇ. ಅಲ್ಲಿಯವರೆಗೆ ಸ್ಟಾರ್ ನ್ಯೂಸ್‌ಗೆ ಸುದ್ದಿ ತಯಾರಿಸಿ ಕೊಡುತ್ತಿದ್ದದ್ದು ಎನ್‌ಡಿಟಿವಿ. ಆ ಒಪ್ಪಂದ ಮುಗಿದು ಸ್ಟಾರ್ ತಾನೇ ಹಿಂದಿ ಸುದ್ದಿಗೆ ಇಳಿದಾಗ ದೆಹಲಿಯಲ್ಲಿ ದೊಡ್ಡ ಗದ್ದಲವಾಯಿತು. ಸರ್ಕಾರ 26% ಗೆರೆ ಎಳೆಯಿತು. ಸ್ಟಾರ್ 26% ಇಟ್ಟುಕೊಂಡು, ಉಳಿದದ್ದನ್ನು ಹಲವು ಭಾರತೀಯರಿಗೆ ಚೂರು ಚೂರಾಗಿ ಹಂಚಿತು. ಪಾಲು ಚದುರಿದರೆ ಜುಟ್ಟು ಯಾರ ಕೈಲಿರುತ್ತೆ ಹೇಳಿ? ಪೈಪೋಟಿಯವರು ದೂರು ಕೊಟ್ಟರು. ಸರ್ಕಾರ ಇನ್ನೊಂದು ಷರತ್ತು ಸೇರಿಸಿತು: ಒಬ್ಬ ಭಾರತೀಯ ಪಾಲುದಾರನ ಹತ್ತಿರವೇ ಕನಿಷ್ಠ 51% ಇರಬೇಕು. ಕೊನೆಗೆ ಕೋಲ್ಕತಾದ ಆನಂದ ಬಜಾರ್ ಪತ್ರಿಕೆಯವರು 74% ತೆಗೆದುಕೊಂಡರು. ಅದೇ ಚಾನೆಲ್ 2012ರಲ್ಲಿ ಎಬಿಪಿ ನ್ಯೂಸ್ ಆಯಿತು. 2015ರ ನವೆಂಬರ್‌ನಲ್ಲಿ 26% ಮಿತಿ 49%ಕ್ಕೆ ಏರಿತು. ಈಗಲೂ ಅಷ್ಟೇ ಇದೆ. 51% ಷರತ್ತೂ ಹಾಗೇ ಇದೆ.

ಕೇಳಿದರೆ ಸರಿಯಾದ ನಿಯಮ ಅನ್ನಿಸುತ್ತದೆ, ಅಲ್ವಾ? ದೇಶದ ಸುದ್ದಿ ದೇಶದವರ ಕೈಲಿರಲಿ ಅನ್ನುವುದರಲ್ಲಿ ತಪ್ಪೇನಿಲ್ಲ. ಆದರೆ ಉದ್ಯಮದ ಮೇಲೆ ಇದರಿಂದ ಆದ ಪರಿಣಾಮವನ್ನು ಯಾರೂ ಅಷ್ಟಾಗಿ ಲೆಕ್ಕ ಹಾಕಲಿಲ್ಲ. ಮನರಂಜನೆಯ ಚಾನೆಲ್ ದುಡಿಯುವ ಮಗ. ಸುದ್ದಿ ಚಾನೆಲ್ ಖರ್ಚಿನ ಮಗ. ಒಂದೇ ಮನೆಯಲ್ಲಿದ್ದರೆ ಸೀರಿಯಲ್‌ನ ಜಾಹೀರಾತಿನ ದುಡ್ಡು ಸುದ್ದಿಯ ನಷ್ಟವನ್ನು ತುಂಬಿಕೊಡುತ್ತಿತ್ತು. ಹೊರಗಿನ ಬಂಡವಾಳ ಬಂದ ಕಡೆಯೆಲ್ಲ ಈ ನಿಯಮ ಇಬ್ಬರನ್ನೂ ಪಾಲು ಮಾಡಿಬಿಟ್ಟಿತು. ನಿಯಮ ಒಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಸನ್ ಬಳಗಕ್ಕೆ ಈ ಕಟ್ಟುಪಾಡು ಅಡ್ಡ ಬಂದಿರಲಿಲ್ಲ. ಆದರೂ ಉದಯ ನ್ಯೂಸ್ ಅನ್ನು ಅವರು 2017ರಲ್ಲಿ ಮುಚ್ಚಿದರು. ಸುದ್ದಿಯ ಧಂದೆಯೇ ಕಷ್ಟದ್ದು.

ಎಷ್ಟು ಕಷ್ಟ ಅಂತ ನೋಡಿ. ಉಪಗ್ರಹಕ್ಕೆ ಸುದ್ದಿ ಚಾನೆಲ್ ಅಪ್‌ಲಿಂಕ್ ಮಾಡಲು ಅನುಮತಿ ಬೇಕಾದರೆ ಕಂಪನಿಗೆ 20 ಕೋಟಿ ರೂಪಾಯಿ ನಿವ್ವಳ ಆಸ್ತಿ ಇರಬೇಕು. ಮನರಂಜನೆಯ ಚಾನೆಲ್‌ಗೆ 5 ಕೋಟಿ ಸಾಕು. ಅದು ಬಾಗಿಲ ಬಳಿಯ ಖರ್ಚು ಮಾತ್ರ. ಒಳಗೆ ಹೋದ ಮೇಲೆ ಸ್ಟುಡಿಯೋ, ಸ್ಥಳದಿಂದಲೇ ನೇರ ಪ್ರಸಾರ ಮಾಡುವ ಓಬಿ ವ್ಯಾನ್, ಜಿಲ್ಲೆಗೊಬ್ಬ ವರದಿಗಾರ, 24 ಗಂಟೆ ಸಿಬ್ಬಂದಿ. ಅದರ ಮೇಲೆ ಕೇಬಲ್‌ನವರಿಗೆ ಕೊಡಬೇಕಾದ ಕ್ಯಾರೇಜ್ ಶುಲ್ಕ, ಅಂದರೆ ಚಾನೆಲ್ ಜನರಿಗೆ ಕಾಣುವಂತೆ ಮಾಡಲು ಚಾನೆಲ್‌ನವರೇ ಕಟ್ಟುವ ದುಡ್ಡು. ಸುದ್ದಿ ಚಾನೆಲ್‌ಗೆ ನೋಡುಗರು ದುಡ್ಡು ಕೊಡುವುದು ಕಡಿಮೆ. ಎಲ್ಲವೂ ಜಾಹೀರಾತಿನಿಂದಲೇ ಹುಟ್ಟಬೇಕು. ಅದರಲ್ಲಿ ಸರ್ಕಾರಿ ಜಾಹೀರಾತಿನ ಪಾಲು ಸಣ್ಣದಲ್ಲ. ವಿದೇಶಿ ಬಂಡವಾಳ ಅರ್ಧಕ್ಕಿಂತ ಒಳಗೇ ಇರಬೇಕು, ಲಾಭ ಕಾಣುವುದು ಎಂದೋ ಏನೋ. ಇಷ್ಟಾದ ಮೇಲೂ ಸುದ್ದಿ ಚಾನೆಲ್ ಬೇಕು ಅನ್ನುವವರು ಯಾರು? ಒಂದು, ಪತ್ರಿಕೋದ್ಯಮವನ್ನೇ ನಂಬಿದ ಕೆಲವರು. 2012ರಲ್ಲಿ ಎಚ್.ಆರ್. ರಂಗನಾಥ್ ಪಬ್ಲಿಕ್ ಟಿವಿ ಕಟ್ಟಿದ ಹಾಗೆ ಪತ್ರಕರ್ತರೇ ಕಟ್ಟಿದ್ದು ಬಹಳ ಕಡಿಮೆ. ಎರಡು, ಬೇರೆ ದೊಡ್ಡ ವ್ಯಾಪಾರ ಇರುವವರು. ಮೂರು, ರಾಜಕೀಯದವರು. ಕೊನೆಯ ಇಬ್ಬರಿಗೆ ಚಾನೆಲ್‌ನಿಂದ ನೇರವಾಗಿ ದುಡ್ಡು ಬರದಿದ್ದರೂ ನಡೆಯುತ್ತದೆ.

ರಾಜಕೀಯದವರ ವಿಷಯಕ್ಕೆ ಬಂದರೆ ನಮ್ಮ ನಿಯಮದ ಒಂದು ತಮಾಷೆ ಹೇಳಬೇಕು. 2011ರ ಎಫ್‌ಎಂ ರೇಡಿಯೋ ನೀತಿಯಲ್ಲಿ ರಾಜಕೀಯ ಸಂಸ್ಥೆ, ಧಾರ್ಮಿಕ ಸಂಸ್ಥೆ, ಜಾಹೀರಾತು ಏಜೆನ್ಸಿಗಳ ಹಿಡಿತದ ಕಂಪನಿಗಳಿಗೆ ಲೈಸೆನ್ಸ್ ಇಲ್ಲ ಅಂತ ಸ್ಪಷ್ಟವಾಗಿ ಬರೆದಿದೆ. ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನೇ ಹಾಕಬೇಕು. ಅಂದರೆ ಹಾಡು ಹಾಕುವ ರೇಡಿಯೋವನ್ನು ಪಕ್ಷದವರು ಮುಟ್ಟುವಂತಿಲ್ಲ. ದಿನವಿಡೀ ಸುದ್ದಿ, ಚರ್ಚೆ ನಡೆಸುವ ಟಿವಿ ಚಾನೆಲ್‌ಗೆ ಅಂಥ ತಡೆಯೇ ಇಲ್ಲ! ತಮಿಳುನಾಡಿನಲ್ಲಿ ಜಯಾ ಟಿವಿ, ಕಲೈಂಜ್ಞರ್ ಟಿವಿ ಯಾರ ಪರ ಅಂತ ಹೆಸರೇ ಹೇಳುತ್ತದೆ. ಕೇರಳದ ಕೈರಳಿ ಸಿಪಿಎಂ ಜತೆಗಿನ ನಂಟನ್ನು ಮುಚ್ಚಿಟ್ಟಿಲ್ಲ. ನಮ್ಮಲ್ಲಿ ಕಸ್ತೂರಿ ವಾಹಿನಿ ನಡೆಸಿದ್ದು ಕುಮಾರಸ್ವಾಮಿ ಅವರ ಕುಟುಂಬ. ಸುವರ್ಣ ನ್ಯೂಸ್ ಕಟ್ಟಿದ ರಾಜೀವ್ ಚಂದ್ರಶೇಖರ್ ಕೇಂದ್ರ ಸಚಿವರೂ ಆಗಿದ್ದರು. ಇದರಲ್ಲಿ ಕಾನೂನು ಮುರಿದದ್ದು ಏನೂ ಇಲ್ಲ, ಯಾಕೆಂದರೆ ಮುರಿಯಲು ಕಾನೂನೇ ಇಲ್ಲ.

ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಇದನ್ನು ಹೇಳಿ ಹೇಳಿ ಸೋತಿದೆ. 2008ರಲ್ಲಿ ಹೇಳಿತು, 2012ರಲ್ಲಿ ಮತ್ತೆ ಹೇಳಿತು. 2014ರ ಆಗಸ್ಟ್‌ನಲ್ಲಿ ಮಾಧ್ಯಮ ಮಾಲೀಕತ್ವದ ಬಗ್ಗೆ ದೊಡ್ಡ ಶಿಫಾರಸನ್ನೇ ಕೊಟ್ಟಿತು. ರಾಜಕೀಯ ಪಕ್ಷಗಳು, ಧಾರ್ಮಿಕ ಸಂಸ್ಥೆಗಳು, ಸರ್ಕಾರಗಳು ಚಾನೆಲ್ ನಡೆಸಬಾರದು, ಕೇಬಲ್ಲನ್ನೂ ನಡೆಸಬಾರದು ಎಂದಿತು. ಪತ್ರಿಕೆ ಮತ್ತು ಟಿವಿ ಎರಡರಲ್ಲೂ ಒಂದೇ ಭಾಷೆಯ ಸುದ್ದಿ ಮಾರುಕಟ್ಟೆಯನ್ನು ಒಬ್ಬರೇ ಆಳದಂತೆ ಲೆಕ್ಕಾಚಾರವನ್ನೂ ಕೊಟ್ಟಿತು. 2022ರಲ್ಲಿ ಅದೇ ವಿಷಯಕ್ಕೆ ಮತ್ತೊಂದು ಸಮಾಲೋಚನಾ ಪತ್ರ ಹೊರಡಿಸಿತು. ಇದರಲ್ಲಿ ಜಾರಿಯ ದಾರಿ ಹಿಡಿದದ್ದು ಒಂದೇ ತುಂಡು. 2022ರ ಅಕ್ಟೋಬರ್‌ನಲ್ಲಿ ಕೇಂದ್ರವು ರಾಜ್ಯ ಸರ್ಕಾರಗಳಿಗೆ ನೀವು ಪ್ರಸಾರಕ್ಕೆ ಇಳಿಯಬೇಡಿ, ಈಗಿರುವುದನ್ನು ದೂರದರ್ಶನ ನಡೆಸುವ ಪ್ರಸಾರ ಭಾರತಿ ಮೂಲಕ ಮಾಡಿ ಅಂತ ಸೂಚಿಸಿತು. ರಾಜ್ಯ ಸರ್ಕಾರ ಚಾನೆಲ್ ನಡೆಸಬಾರದು, ಸರ್ಕಾರ ನಡೆಸುವ ಪಕ್ಷದವರು ನಡೆಸಬಹುದು. ಅರ್ಥವಾಗದಿದ್ದರೆ ನಿಮ್ಮ ತಪ್ಪಲ್ಲ.

ಇನ್ನು ನಿಮ್ಮ ಎರಡನೇ ಆಶ್ಚರ್ಯ. ಕಲರ್ಸ್ ಕನ್ನಡದ ಹಳೆಯ ಹೆಸರು ಈಟಿವಿ ಕನ್ನಡ. 2000ದ ಡಿಸೆಂಬರ್‌ನಲ್ಲಿ ರಾಮೋಜಿ ರಾವ್ ಶುರು ಮಾಡಿದ್ದು. ಮುಂದೆ ಅದು ರಿಲಯನ್ಸ್ ಬೆನ್ನಿಗಿದ್ದ ಟಿವಿ18 ಬಳಗದ ಪಾಲಾಯಿತು, 2015ರಲ್ಲಿ ಹೆಸರೂ ಬದಲಾಯಿತು. ಅತ್ತ ಸ್ಟಾರ್, ಮರ್ಡೋಕ್ ಕೈಯಿಂದ ಡಿಸ್ನಿ ಕೈಗೆ ಹೋಯಿತು. 2024ರ ನವೆಂಬರ್ 14ರಂದು ರಿಲಯನ್ಸ್ ಮತ್ತು ಡಿಸ್ನಿ ತಮ್ಮ ಟಿವಿ ವ್ಯವಹಾರವನ್ನು ಒಂದು ಮಾಡಿ ಜಿಯೋಸ್ಟಾರ್ ಕಟ್ಟಿದವು. 70,352 ಕೋಟಿ ರೂಪಾಯಿ ಬೆಲೆಯ ಕಂಪನಿ, 100ಕ್ಕೂ ಜಾಸ್ತಿ ಚಾನೆಲ್. ಅದರಲ್ಲಿ ನಿಮ್ಮ ಕಲರ್ಸ್ ಕನ್ನಡವೂ ಇದೆ, ಸ್ಟಾರ್ ಸುವರ್ಣವೂ ಇದೆ.

ಒಬ್ಬರು ಎಷ್ಟು ಟಿವಿ ಚಾನೆಲ್ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ನಮ್ಮಲ್ಲಿ ಮಿತಿ ಇಲ್ಲ. ಇಂಥ ವಿಲೀನವನ್ನು ನೋಡುವುದು ಸ್ಪರ್ಧಾ ಆಯೋಗ. ಅದು ಸಿಮೆಂಟ್ ಕಂಪನಿಗಳ ವಿಲೀನವನ್ನು ನೋಡುವ ಕನ್ನಡಕದಲ್ಲೇ ಟಿವಿಯನ್ನೂ ನೋಡುತ್ತದೆ: ಮಾರುಕಟ್ಟೆಯಲ್ಲಿ ಪಾಲೆಷ್ಟು, ಬೆಲೆ ಏರಿಸುವ ಶಕ್ತಿ ಬರುತ್ತದಾ ಅಂತ. ಒಂದು ಭಾಷೆಯಲ್ಲಿ ಎಷ್ಟು ದನಿ ಉಳಿಯುತ್ತವೆ ಅನ್ನುವುದು ಅದರ ಕೆಲಸವಲ್ಲ. ಆದರೂ ಅದು ಸುಮ್ನೆ ಬಿಡಲಿಲ್ಲ. ಏಳು ಚಾನೆಲ್ ಬಿಟ್ಟುಕೊಡುತ್ತೇವೆ, ಕ್ರಿಕೆಟ್‌ನ ಟಿವಿ ಜಾಹೀರಾತು ಮತ್ತು ಮೊಬೈಲ್ ಜಾಹೀರಾತನ್ನು ಒಂದಕ್ಕೊಂದು ಗಂಟು ಹಾಕಿ ಮಾರುವುದಿಲ್ಲ ಅಂತ ಕಂಪನಿಗಳಿಂದ ಮಾತು ತೆಗೆದುಕೊಂಡೇ ಒಪ್ಪಿಗೆ ಕೊಟ್ಟಿತು. ಅದಕ್ಕೂ ಮುಂಚೆ ಜೀ ಮತ್ತು ಸೋನಿ ಒಂದಾಗಲು ಹೊರಟಾಗ ಮೂರು ಹಿಂದಿ ಚಾನೆಲ್ ಮಾರಬೇಕು ಅಂತ ಷರತ್ತು ಬಂದಿತ್ತು. ಆ ಮದುವೆ 2024ರ ಜನವರಿಯಲ್ಲಿ ಮುರಿದುಬಿತ್ತು, ಅದು ಬೇರೆ ಮಾತು.

ಕನ್ನಡದ ಮಟ್ಟಿಗೆ ಇದರ ಅರ್ಥ ಏನು? ಮನರಂಜನೆಯಲ್ಲಿ ದೊಡ್ಡ ಚಾನೆಲ್‌ಗಳು ನಾಲ್ಕು: ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ. ಒಬ್ಬ ಸೀರಿಯಲ್ ನಿರ್ಮಾಪಕ ಕಥೆ ಹಿಡಿದುಕೊಂಡು ಹೊರಟರೆ ಮೊದಲು ತಟ್ಟಲು ನಾಲ್ಕು ಬಾಗಿಲು ಇದ್ದವು. ಈಗ ಬಾಗಿಲು ನಾಲ್ಕಿದ್ದರೂ ಮನೆ ಮೂರೇ. ಒಂದು ಕಡೆ ಎಪಿಸೋಡಿಗೆ ಇಷ್ಟೇ ಅಂದರೆ, ಪಕ್ಕದ ಬಾಗಿಲಲ್ಲಿ ಜಾಸ್ತಿ ಕೇಳುವ ದಾರಿ ಮುಚ್ಚಿಹೋಗಬಹುದು. ಕಲಾವಿದರಿಗೂ ಅಷ್ಟೇ, ಬರಹಗಾರರಿಗೂ ಅಷ್ಟೇ. ಸಂಜೆ ಏಳರಿಂದ ಹತ್ತರವರೆಗಿನ ಹೊತ್ತಿಗೆ ಜಾಹೀರಾತು ಕೊಡುವ ನಮ್ಮ ಊರಿನ ಒಡವೆ ಅಂಗಡಿ, ಸೀರೆ ಅಂಗಡಿಯವರಿಗೂ ಚೌಕಾಸಿಗೆ ಜಾಗ ಕಡಿಮೆ. ಇನ್ನೊಂದು ಮುಖವನ್ನೂ ಹೇಳಬೇಕು. ಜಾಹೀರಾತು ಮೊಬೈಲ್ ಕಡೆ ಹರಿದುಹೋಗುತ್ತಿದೆ. ಯೂಟ್ಯೂಬ್ ಮುಂದೆ ನಿಲ್ಲಲು ಗಾತ್ರ ಬೇಕು ಅನ್ನುವುದು ಕಂಪನಿಗಳ ವಾದ. ಅದು ಸುಳ್ಳಲ್ಲ. ಆದರೆ ಆ ಗಾತ್ರದ ಬೆಲೆಯನ್ನು ಕಟ್ಟುವವರು ಯಾರು ಅಂತ ನೋಡಿದರೆ ಬಹುಪಾಲು ಸಣ್ಣ ನಿರ್ಮಾಪಕರೇ.

ನನ್ನನ್ನು ಕೇಳಿದರೆ, ಎಷ್ಟು ಚಾನೆಲ್ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಕೇಬಲ್‌ದು. ಚಾನೆಲ್ ಮಾಡುವವನೂ ಅದನ್ನು ಮನೆಗೆ ತಂದುಕೊಡುವವನೂ ಒಬ್ಬನೇ ಆಗಬಾರದು ಅನ್ನುವ ಅರಿವು ನಮ್ಮ ಸರ್ಕಾರಕ್ಕೆ 2001ರಲ್ಲೇ ಇತ್ತು. ಆ ವರ್ಷದ ಡಿಟಿಎಚ್ ನಿಯಮದ ಪ್ರಕಾರ ಚಾನೆಲ್ ಕಂಪನಿಗಳು ಡಿಶ್ ಕಂಪನಿಯಲ್ಲಿ ಒಟ್ಟು 20% ಮೀರಿ ಪಾಲು ಇಟ್ಟುಕೊಳ್ಳುವಂತಿಲ್ಲ. ಅದಕ್ಕೇ ಟಾಟಾ ಸ್ಕೈ ಶುರುವಾದಾಗ ಸ್ಟಾರ್‌ಗೆ 20% ಮಾತ್ರ, ಟಾಟಾಗೆ 80%. ಒಳ್ಳೆಯದೇ. ಆದರೆ ನಿಯಮ ಲೆಕ್ಕ ಹಾಕಿದ್ದು ಕಂಪನಿಯ ಪಾಲನ್ನು, ಕುಟುಂಬದ ಪಾಲನ್ನಲ್ಲ. ಸನ್ ಟಿವಿ ಒಂದು ಕಂಪನಿ, ಸನ್ ಡೈರೆಕ್ಟ್ ಇನ್ನೊಂದು. ಎರಡರ ಹಿಂದೆಯೂ ಮಾರನ್ ಕುಟುಂಬ. ಜೀ ಒಂದು ಕಂಪನಿ, ಡಿಶ್ ಟಿವಿ ಇನ್ನೊಂದು. ಎರಡನ್ನೂ ಕಟ್ಟಿದ್ದು ಸುಭಾಷ್ ಚಂದ್ರ ಅವರ ಕುಟುಂಬ. ಕಾಗದದಲ್ಲಿ 20% ದಾಟಿಲ್ಲ.

ಕೇಬಲ್‌ಗೆ ಆ 20% ಗೆರೆಯೂ ಇಲ್ಲ. 2018ರಲ್ಲಿ ರಿಲಯನ್ಸ್, ದೇಶದ ಎರಡು ದೊಡ್ಡ ಕೇಬಲ್ ಕಂಪನಿಗಳಾದ ಹಾತ್‌ವೇ ಮತ್ತು ಡೆನ್‌ಗಳಲ್ಲಿ ಬಹುಪಾಲು ಷೇರು ಕೊಳ್ಳಲು ಹೊರಟು, ಕೊಂಡೂ ಮುಗಿಸಿತು. ಈಗ ಬೆಂಗಳೂರಿನ ಒಂದು ಮನೆ ನೆನೆಸಿಕೊಳ್ಳಿ. ಗೋಡೆ ಮೇಲೆ ಹಾತ್‌ವೇ ಬಾಕ್ಸ್. ಎಂಟು ಗಂಟೆಗೆ ಕಲರ್ಸ್‌ನ ಸೀರಿಯಲ್, ಆಮೇಲೆ ಸುವರ್ಣದ ಸೀರಿಯಲ್, ಐಪಿಎಲ್ ಬಂದರೆ ಸ್ಟಾರ್ ಸ್ಪೋರ್ಟ್ಸ್. ಸುದ್ದಿಗೆ ನ್ಯೂಸ್18. ಮಗಳ ಕೈಲಿರುವ ಮೊಬೈಲ್‌ನಲ್ಲಿ ಜಿಯೋ ಸಿಮ್, ಅದರಲ್ಲಿ ಜಿಯೋಹಾಟ್‌ಸ್ಟಾರ್. ಆ ಮನೆಯವರು ಏಳು ಬೇರೆ ಬೇರೆ ಹೆಸರು ನೋಡುತ್ತಿದ್ದಾರೆ. ಎಲ್ಲದರ ಹಿಂದೆ ಇರುವುದು ಒಂದೇ ಬಳಗ.

ಅದಕ್ಕೆ ಕಡಿವಾಣವೇ ಇಲ್ಲ ಅಂತಲ್ಲ. ಚಾನೆಲ್‌ನವರು ತಮ್ಮ ಸಿಗ್ನಲ್ಲನ್ನು ಕೇಳಿದ ಎಲ್ಲ ಕೇಬಲ್, ಡಿಶ್ ಕಂಪನಿಗಳಿಗೂ ಭೇದ ಮಾಡದೆ ಕೊಡಲೇಬೇಕು ಅನ್ನುವ ನಿಯಮ 2004ರಿಂದ ಇದೆ. ನಮ್ಮಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ನಿಯಮ ಇದೇ ಅಂತ ನನ್ನ ಅಭಿಪ್ರಾಯ. ಆದರೂ ಕೇಬಲ್ ಒಬ್ಬರ ಕೈಲಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ತಮಿಳುನಾಡಿನ ಕಡೆ ನೋಡಬಹುದು. ಚೆನ್ನೈನಲ್ಲಿ ಸನ್ ಬಳಗದ ಸುಮಂಗಲಿ ಕೇಬಲ್‌ಗೆ ಎಂಥ ಹಿಡಿತ ಇತ್ತೆಂದರೆ, 2007ರಲ್ಲಿ ಆಗಿನ ಮುಖ್ಯಮಂತ್ರಿ ಕರುಣಾನಿಧಿ ಮತ್ತು ಅವರ ಸಂಬಂಧಿಕರೇ ಆದ ಮಾರನ್ ಸೋದರರ ನಡುವೆ ಬಿರುಕು ಬಿಟ್ಟಾಗ ರಾಜ್ಯ ಸರ್ಕಾರವೇ ಅರಸು ಕೇಬಲ್ ಅನ್ನುವ ಕಂಪನಿ ತೆರೆಯಿತು. ಮನೆಯವರು ರಾಜಿಯಾದ ಮೇಲೆ ಅದು ಮೂಲೆ ಸೇರಿತು. 2011ರಲ್ಲಿ ಜಯಲಲಿತಾ ಬಂದು ಅದಕ್ಕೆ ಮತ್ತೆ ಜೀವ ಕೊಟ್ಟರು. ಜನರಿಗೆ ತಿಂಗಳಿಗೆ 70 ರೂಪಾಯಿಗೆ ಕೇಬಲ್ ಸಿಕ್ಕಿತು, ಅದು ಲಾಭವೇ. ಆದರೆ ಯಾವ ಚಾನೆಲ್ ಎಷ್ಟನೇ ನಂಬರಿನಲ್ಲಿ ಬರಬೇಕು ಅನ್ನುವ ಕೀಲಿಕೈ ಒಂದು ಕುಟುಂಬದಿಂದ ಸರ್ಕಾರದ ಕೈಗೆ ಹೋಯಿತು, ಅಷ್ಟೇ.

ನಿಮ್ಮ ಮಗ ಹೇಳಿದ್ದು ಸರಿ. ಅಮೆರಿಕದಲ್ಲಿ ಒಂದು ಕಂಪನಿಯ ಟಿವಿ ಸ್ಟೇಷನ್‌ಗಳು ಒಟ್ಟು ಸೇರಿ ದೇಶದ 39% ಮನೆಗಳಿಗಿಂತ ಹೆಚ್ಚು ಕಡೆ ತಲುಪಬಾರದು ಅಂತ 2004ರಲ್ಲಿ ಅಲ್ಲಿನ ಸಂಸತ್ತು ಗೆರೆ ಎಳೆಯಿತು. ಅಲ್ಲಿ ಲೈಸೆನ್ಸ್ ಇರುವುದು ಒಂದೊಂದು ಊರಿನ ಟವರ್‌ಗೆ, ಹಾಗಾಗಿ ಊರು ಲೆಕ್ಕ ಹಾಕಬಹುದು. ನಮ್ಮಲ್ಲಿ ಅನುಮತಿ ಉಪಗ್ರಹಕ್ಕೆ. ಬೆಂಗಳೂರಿನಿಂದ ಮೇಲೆ ಹೋದ ಚಾನೆಲ್ ಕಾಶ್ಮೀರದಲ್ಲೂ ಬೀಳುತ್ತದೆ. ನಮಗೆ ಊರಿನ ಬದಲು ಭಾಷೆಯೇ ಮಾರುಕಟ್ಟೆ. ಅಮೆರಿಕದಲ್ಲೂ ಗೆರೆ ಒರೆಸುವವರು ಕಡಿಮೆಯೇನಿಲ್ಲ. ಯುಎಚ್‌ಎಫ್ ಅನ್ನುವ ಒಂದು ಬಗೆಯ ತರಂಗದಲ್ಲಿ ಪ್ರಸಾರ ಮಾಡುವ ಸ್ಟೇಷನ್‌ಗಳು ತಲುಪುವ ಮನೆಗಳನ್ನು ಅರ್ಧ ಮಾತ್ರ ಲೆಕ್ಕ ಹಿಡಿಯುವ ಹಳೇ ರಿಯಾಯಿತಿ ಇದೆ. ಪಕ್ಕದ ಸ್ಟೇಷನ್ ಇನ್ನೊಬ್ಬರ ಹೆಸರಲ್ಲಿಟ್ಟು ಕರಾರಿನ ಮೇಲೆ ತಾವೇ ನಡೆಸುವ ಪದ್ಧತಿಯೂ ಇದೆ. ಒಂದೇ ಊರಿನಲ್ಲಿ ಪತ್ರಿಕೆ, ಟಿವಿ ಎರಡೂ ಒಬ್ಬರ ಕೈಲಿರಬಾರದು ಅನ್ನುವ 1975ರ ನಿಯಮವನ್ನು 2017ರಲ್ಲಿ ತೆಗೆದುಹಾಕಿದರು, 2021ರಲ್ಲಿ ಅವರ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ನಾವೂ ಅದೇ ದಾರಿ. ಎಫ್‌ಎಂ ರೇಡಿಯೋದಲ್ಲಿ ಒಬ್ಬರ ಕೈಲಿ ದೇಶದ 15% ಚಾನೆಲ್ ಮೀರಬಾರದು ಅಂತ ಇತ್ತು. 2022ರಲ್ಲಿ ಅದನ್ನು ಎತ್ತಿಬಿಟ್ಟರು.

ಮಾಲೀಕತ್ವವನ್ನು ಪಾಲಿನ ಶೇಕಡಾದಲ್ಲಿ ಅಳೆಯುವುದರ ತೊಡಕು ಏನು ಅನ್ನುವುದಕ್ಕೆ ಎನ್‌ಡಿಟಿವಿಗಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಅದನ್ನು ಕಟ್ಟಿದ ರಾಯ್ ದಂಪತಿಯ ಕಂಪನಿ 2009ರಲ್ಲಿ ವಿಶ್ವಪ್ರಧಾನ್ ಅನ್ನುವ, ಯಾರೂ ಕೇಳಿರದ ಕಂಪನಿಯಿಂದ 400 ಕೋಟಿಗೂ ಸ್ವಲ್ಪ ಜಾಸ್ತಿ ಸಾಲ ಪಡೆಯಿತು. ಬಡ್ಡಿ ಇಲ್ಲ. ಬದಲಿಗೆ ಸಾಲವನ್ನು ಯಾವಾಗ ಬೇಕಾದರೂ ಷೇರಾಗಿ ಬದಲಿಸಿಕೊಳ್ಳುವ ಹಕ್ಕು. ಹದಿಮೂರು ವರ್ಷ ಆ ಕಾಗದ ಸುಮ್ಮನೆ ಕೂತಿತ್ತು. 2022ರ ಆಗಸ್ಟ್ 23ರಂದು ಅದಾನಿ ಬಳಗ ವಿಶ್ವಪ್ರಧಾನ್ ಕಂಪನಿಯನ್ನೇ ಕೊಂಡು, ಆ ಹಕ್ಕನ್ನು ಚಲಾಯಿಸಿತು. ಎನ್‌ಡಿಟಿವಿಯ 29.18% ಕೈಗೆ ಬಂತು. 25% ದಾಟಿದ್ದರಿಂದ ಷೇರುಪೇಟೆಯ ನಿಯಂತ್ರಕ ಸೆಬಿಯ ನಿಯಮದಂತೆ ಉಳಿದ ಷೇರುದಾರರಿಗೂ ಓಪನ್ ಆಫರ್, ಅಂದರೆ ನಿಮ್ಮ ಷೇರನ್ನೂ ಕೊಳ್ಳುತ್ತೇವೆ ಅನ್ನುವ ಬಹಿರಂಗ ಕರೆ, ಕೊಡಬೇಕಾಯಿತು. ವರ್ಷ ಮುಗಿಯುವಷ್ಟರಲ್ಲಿ ರಾಯ್ ದಂಪತಿಯೂ ತಮ್ಮ ಬಹುಪಾಲು ಷೇರು ಮಾರಿದರು. ಗಮನಿಸಿ, ಇಲ್ಲಿ ಚಾನೆಲ್‌ನ ಲೈಸೆನ್ಸ್ ಕೈ ಬದಲಾಗಲೇ ಇಲ್ಲ. ಅದು ಅದೇ ಕಂಪನಿಯ ಹೆಸರಲ್ಲಿದೆ. ವಾರ್ತಾ ಮತ್ತು ಪ್ರಸಾರ ಸಚಿವಾಲಯದ ನಿಯಮ ವಿದೇಶಿ ಪಾಲು ಎಷ್ಟು, ನಿರ್ದೇಶಕರಿಗೆ ಗೃಹ ಇಲಾಖೆಯ ಭದ್ರತಾ ಒಪ್ಪಿಗೆ ಇದೆಯಾ ಅಂತ ಕೇಳುತ್ತದೆ. ನಿನ್ನ ಸಾಲ ಯಾರದ್ದು ಅಂತ ಕೇಳುವುದಿಲ್ಲ.

ಆ ಭದ್ರತಾ ಒಪ್ಪಿಗೆಯೂ ಒಂದು ಆಯುಧವೇ. ಕೇರಳದ ಮೀಡಿಯಾ ಒನ್ ಚಾನೆಲ್‌ಗೆ 2022ರಲ್ಲಿ ಕಾರಣ ಹೇಳದೆ ಒಪ್ಪಿಗೆ ನಿರಾಕರಿಸಿ ಪ್ರಸಾರ ನಿಲ್ಲಿಸಲಾಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮಾಲೀಕತ್ವದ ನಿಯಮಗಳು ಇನ್ನಷ್ಟು ಬಿಗಿಯಾಗಲಿ ಅನ್ನುವವರು ಇದನ್ನು ನೆನಪಿಡಬೇಕು. ಯಾರು ಚಾನೆಲ್ ನಡೆಸಬಾರದು ಅಂತ ಹೇಳುವ ಅಧಿಕಾರ ಸರ್ಕಾರದ ಕೈಲಿದ್ದರೆ, ಅದು ಮೊದಲು ಬಳಕೆಯಾಗುವುದು ಯಾರ ಮೇಲೆ ಅಂತ ಊಹಿಸಲು ಜಾಣತನ ಬೇಕಿಲ್ಲ. ಹಾಗಾಗಿ ಪಕ್ಷದವರಿಗೆ ತಡೆ ಹಾಕುವುದಕ್ಕಿಂತ ಮೊದಲು ಎರಡು ಕೆಲಸ ಆಗಲಿ ಅನ್ನುವವನು ನಾನು. 20% ಗೆರೆಯನ್ನು ಕೇಬಲ್‌ಗೂ ಎಳೆಯಲಿ, ಅದನ್ನು ಕುಟುಂಬ, ಬಳಗದ ಲೆಕ್ಕದಲ್ಲಿ ಅಳೆಯಲಿ. ಪ್ರತಿ ಸುದ್ದಿ ಚಾನೆಲ್ ಕೊನೆಯ ಮಾಲೀಕ ಯಾರು, ದೊಡ್ಡ ಸಾಲ ಯಾರದ್ದು ಅನ್ನುವುದನ್ನು ವರ್ಷಕ್ಕೊಮ್ಮೆ ತೆರೆಯ ಮೇಲೇ ಹಾಕಲಿ.

ಅಲ್ಲಿಯವರೆಗೆ ನೀವೇ ನೋಡಿಕೊಳ್ಳಬಹುದು, ಕಷ್ಟವೇನಿಲ್ಲ. ವಾರ್ತಾ ಮತ್ತು ಪ್ರಸಾರ ಸಚಿವಾಲಯದ ವೆಬ್‌ಸೈಟಿನಲ್ಲಿ ಅನುಮತಿ ಪಡೆದ ಚಾನೆಲ್‌ಗಳ ಪಟ್ಟಿ ಇದೆ. ಚಾನೆಲ್ ಹೆಸರಿನ ಪಕ್ಕ ಕಂಪನಿಯ ಹೆಸರು ಇರುತ್ತದೆ. ಅದು ಷೇರುಪೇಟೆಯಲ್ಲಿರುವ ಕಂಪನಿಯಾದರೆ ಮೂರು ತಿಂಗಳಿಗೊಮ್ಮೆ ಯಾರ ಪಾಲು ಎಷ್ಟು ಅಂತ ಮುಂಬೈ ಷೇರುಪೇಟೆ ಬಿಎಸ್‌ಇಯ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಷೇರುಪೇಟೆಯಲ್ಲಿಲ್ಲದ ಕಂಪನಿಯಾದರೆ ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಕಾಗದ ತೆಗೆಸಬಹುದು. ಅದರಲ್ಲಿ ಷೇರುದಾರರ ಪಟ್ಟಿಗಿಂತ ಮೊದಲು ಅಡಮಾನದ ಪುಟ ನೋಡಿ.